ಹಳೇ ಪುಟದ ನೆತ್ತಿಗೆ ಒಂದು ಸಾಲು

ತಾರ್ತು ಊರಿನ ಹೊಳೆಗೆ ಎಮಾಯೋಗಿ ಎಂದು ಹೆಸರು.
ಯೋಗಿಯಲ್ಲ; ಎಸ್ಟೋನಿಯದವರ ಬಾಯಲ್ಲಿ ಅದು ತಾಯಿಹೊಳೆ.
ಮಾರ್ಚಿಯಲ್ಲಿ ಹಿಮಗಡ್ಡೆ ಬಿರಿಯುವ ಸದ್ದು
ಮೂರನೇ ಮಹಡಿಗೂ ಕೇಳುತ್ತದೆ.
ಅಲ್ಲಿ ಲೇಲೊ ಓದುತ್ತಿದ್ದಾಳೆ
ನಾರ್ವೆಯ ತುತ್ತತುದಿಯ ವಾರ್ಡೊದಿಂದ ಬಂದ ಪತ್ರ:

'ನಸುಕಿನ ಮೂರು ಗಂಟೆ. ಮೀನಿನ ಶೀತಲಗೃಹದಲ್ಲಿ
ಏಳನೇ ಸೆನ್ಸರ್ ಮಾತು ನಿಲ್ಲಿಸಿತು.
ಹುಡುಕಿದೆ. ಮೊದಲು ಸಿಕ್ಕಿದ್ದೇ ನಿಮ್ಮ ಪುಟ.
ಹೇಳಿದಂತೆಯೇ ಮಾಡಿದೆ, ಒಂದಕ್ಷರ ತಪ್ಪದೆ.
ಹನ್ನೊಂದು ದಿನದ ತಾಪಮಾನದ ಲೆಕ್ಕ ಅಳಿಸಿಹೋಯಿತು.
ಮೀನು ಕೆಟ್ಟಿಲ್ಲ. ಕೆಟ್ಟಿಲ್ಲವೆಂದು ತೋರಿಸಲು
ನನ್ನ ಬಳಿ ಈಗ ಏನೂ ಇಲ್ಲ.
ರಾಗ್ನಿಲ್ಡ್, ರಾತ್ರಿಪಾಳಿ.'

ಬೈಗುಳವಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ಪುಟ ಬರೆದವಳು ಇವಳೇ, ಒಂಬತ್ತು ವರ್ಷದ ಹಿಂದೆ,
ಕೆಲಸಕ್ಕೆ ಸೇರಿದ ಮೊದಲ ತಿಂಗಳು,
ಒಂದೊಂದು ಹೆಜ್ಜೆಯನ್ನೂ ತಾನೇ ನಡೆದು ನೋಡಿ.
ಸುಳ್ಳಲ್ಲ ಅದು. ಎರಡನೇ ಆವೃತ್ತಿಯ ಮಟ್ಟಿಗೆ ಇವತ್ತಿಗೂ ನಿಜ.
ರಿಸೆಟ್ ಎಂದರೆ ಆಗ ಸೆನ್ಸರನ್ನು ತಟ್ಟಿ ಎಬ್ಬಿಸುವುದು;
ಐದನೆಯದರಲ್ಲಿ ಗುಡಿಸಿ ಗುಂಡಾಂತರ ಮಾಡುವುದು.
ಪದ ಅಲ್ಲೇ ನಿಂತಿತ್ತು,
ಅರ್ಥ ಮನೆ ಖಾಲಿ ಮಾಡಿತ್ತು.

ಹುಡುಕುವ ಯಂತ್ರಕ್ಕೆ ಸರಿತಪ್ಪು ತಿಳಿಯದು, ಸವಕಲು ತಿಳಿಯುತ್ತದೆ:
ಎಲ್ಲಿ ಹುಲ್ಲು ಬೆಳೆದಿಲ್ಲವೋ ಅದೇ ದಾರಿ.
ಒಂಬತ್ತು ವರ್ಷದಿಂದ ಲೋಕ ಬೆರಳು ತೋರಿದ್ದು ಅತ್ತಲೇ.
ಹೊಸ ಪುಟ ಮದುವೆಮನೆಗೆ ಬಂದ ಅಪರಿಚಿತನ ಹಾಗೆ
ಎಲ್ಲವನ್ನೂ ಬಲ್ಲದು, ಯಾರೂ ಮಾತಾಡಿಸರು.

'ಅಳಿಸಿಬಿಡು' ಅಂದ ತಾರ್ಮೊ, ಬಾಯಲ್ಲಿ ಕರೀ ಬ್ರೆಡ್ಡಿಟ್ಟುಕೊಂಡು.
ಅಳಿಸುವ ಹಾಗಿಲ್ಲ. ಅಜೋರಿಸ್ ದ್ವೀಪವೊಂದರಲ್ಲಿ
ಚೀಸು ಹಣ್ಣಾಗುವ ನೆಲಮಾಳಿಗೆಗೆ ಎರಡನೆಯದೇ ಕಾವಲು.
ವರ್ಷಕ್ಕೊಂದು ಶುಭಾಶಯ ಬರುತ್ತದೆ ಅಲ್ಲಿಂದ,
ಕೊನೆಯಲ್ಲಿ: ದಯವಿಟ್ಟು ಏನನ್ನೂ ಬದಲಾಯಿಸಬೇಡಿ.

ಹಾಗಾಗಿ ಮೊದಲು, ಅಂಕಿಯಿಲ್ಲದ ಒಂದು ವಿಳಾಸ.
ಆವೃತ್ತಿ ಯಾವುದೇ ಬರಲಿ, ಬಾಗಿಲು ಅದೇ, ಒಳಗಿನವರು ಮಾತ್ರ ಬೇರೆ.
ಆಮೇಲೆ ಐದನೆಯದರಲ್ಲೂ ಉಳಿದ ಮಾತಿನ ಪುಟಗಳಿಗೆ,
ಒಂದೊಂದಕ್ಕೂ, ಓದುವವರ ಕಣ್ಣಿಗೆ ಬೀಳದೆ
ಯಂತ್ರ ಮಾತ್ರ ಓದುವ ಜಾಗದಲ್ಲಿ, ಒಂದು ಸಾಲು:
ನೀನು ಹುಡುಕುವುದು ನನ್ನನ್ನಲ್ಲ, ಅಲ್ಲಿರುವುದನ್ನು.
ನಾನೂರ ಹದಿಮೂರು ಸಲ ಇದನ್ನೇ ಬರೆಯುವಾಗ
ಬೆರಳಿಗೆ ಬೇರೇನೋ ಅನ್ನಿಸಿರಬೇಕು.
ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾಣುವ ಕಡೆ, ನೆತ್ತಿಯಲ್ಲಿ, ಹಳದಿ ಪಟ್ಟಿ.
ಅದಕ್ಕೆ ಮೂರು ದಿನ ಹಿಡಿಯಿತು.
'ಈ ದಾಖಲೆ ಅವಧಿ ಮೀರಿದೆ' (ಹಾಲಿನ ಪೊಟ್ಟಣವೇ?)
'ಎಚ್ಚರಿಕೆ' (ಓದುವವರಿಲ್ಲ)
ಕೊನೆಗೆ ಮೂರು ಗಂಟೆ ರಾತ್ರಿಯ ಕೈಗವಸಿನ ಕೈಯನ್ನು ನೆನೆದು:
ಇದು ಎರಡನೇ ಆವೃತ್ತಿಗೆ. ನಿಮ್ಮದು ಐದಾದರೆ ಇಲ್ಲಿ ನಿಲ್ಲಬೇಡಿ.
ಒತ್ತಿದರೆ ಹೋಗುವುದು ಮುಖಪುಟಕ್ಕಲ್ಲ,
ಇದೇ ಸೆನ್ಸರಿನ ಇದೇ ಮಾತಿಗೆ.

ಇನ್ನು ಕಾಯುವುದು. ಯಂತ್ರ ತನಗೆ ಬೇಕಾದಾಗ ಬರುತ್ತದೆ.
ದಿನಾ ಬೆಳಿಗ್ಗೆ ಗುರುತಿಲ್ಲದವಳಂತೆ ಹುಡುಕುತ್ತಾಳೆ ಲೇಲೊ.
ಒಂಬತ್ತನೇ ದಿನ, ಹಳೆಯದೇ ಮೇಲೆ.
ಇಪ್ಪತ್ತನೇ ದಿನ, ಹಳೆಯದೇ.
ಹೊಳೆ ಪೂರ್ತಿ ಬಿಚ್ಚಿಕೊಂಡ ವಾರ, ಒಂದು ಮಂಗಳವಾರ,
ಹೊಸದು ಮೊದಲು.
ತನ್ನ ಪುಟ ಎಲ್ಲಿ ಎಂದು ಕೆಳಗೆ ಕೆಳಗೆ ಎಳೆದು ನೋಡಿದಳು,
ನೋಡಿ, ನೋಡಲಿಲ್ಲವೆಂಬಂತೆ ಕಿಟಕಿ ಮುಚ್ಚಿದಳು.

ವಾರ್ಡೊದಿಂದ ಎರಡೇ ಸಾಲು ಬಂತು:
ಬಾಗಿಲ ಚೌಕಟ್ಟಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು,
ಏಳು ದಿನದ್ದು ಸಿಕ್ಕಿತು. ನಾಲ್ಕು ದಿನ ಇಲ್ಲ.

ಈಗ ಅವಳು ಬರೆಯುವ ಪ್ರತಿ ಹೊಸ ಪುಟದ ನೆತ್ತಿಯಲ್ಲೂ
ಒಂದು ಸಾಲಿನಷ್ಟು ಜಾಗ ಖಾಲಿ ಇರುತ್ತದೆ.
ತಾರ್ಮೊ ಅದನ್ನು ದೋಷವೆಂದು ದಾಖಲಿಸಿದ್ದಾನೆ.